ಬಾಗಿಲಿಗೆ ಅಂಟಿಸಿದ ಮುಖ

ಡೊಲ್ನಿ ಬ್ರ್ಯಾಗ್
೬ ಫೆಬ್ರವರಿ ೧೯೯೪

ರಾಯ್ನಾ,

ಅಕ್ಷರ ಸೊಟ್ಟಗೆ ಕಂಡರೆ ಬೈಯಬೇಡ. ಎಡಗಣ್ಣು ಊದಿ ಮುಚ್ಚಿಕೊಂಡಿದೆ. ಜಾರಿ ಬಿದ್ದೆಯಾ ಅಂತ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಬಿದ್ದಿಲ್ಲ. ಹೊಡೆಸಿಕೊಂಡೆ. ಲೈಬ್ರರಿಯಲ್ಲೇ, ನನ್ನ ಮೇಜಿನ ಹಿಂದೆಯೇ.

ನನ್ನಲ್ಲಿ ಓದಲು ಬರುತ್ತಿದ್ದ ಹೆಂಗಸೊಬ್ಬಳು ಗಂಡನನ್ನು ಬಿಟ್ಟು ಓಡಿಹೋಗಿದ್ದಾಳೆ. ಹೆಸರು ಬರೆಯುವುದಿಲ್ಲ, ನನ್ನ ಸ್ವಭಾವ ನಿನಗೆ ಗೊತ್ತು. ಗಂಡ ಊರಿಗೆಲ್ಲ ಬೇಕಾದವನು. ಕ್ರಿಸ್‌ಮಸ್ ಹತ್ತಿರ ಬಂದರೆ ಬೀದಿಬೀದಿಯಲ್ಲಿ ಹಂದಿ ಕೊಯ್ಯಲು ಅವನೇ ಆಗಬೇಕು. ಒಂದೇ ಇರಿತಕ್ಕೆ ಮುಗಿಸುತ್ತಾನೆ, ಪ್ರಾಣಿ ಕಿರುಚುವುದೂ ಇಲ್ಲ ಅಂತ ಜನ ಹೊಗಳುತ್ತಾರೆ, ಕರೆದು ಕೂರಿಸಿ ರಾಕಿಯಾ ಸಾರಾಯಿ ಕುಡಿಸುತ್ತಾರೆ. ನಮ್ಮ ಮನೆಯ ಹಂದಿಯನ್ನು ಕೊಯ್ದವನೂ ಅವನೇ. ಹೆಂಡತಿಗೆ ಅವನು ಏನೇನು ಮಾಡಿದ್ದಾನೆ ಅನ್ನುವುದು ನನಗೆ ಗೊತ್ತು. ಅದನ್ನೂ ಬರೆಯುವುದಿಲ್ಲ.

ಗುರುವಾರ ಬಂದ. ಟೋಪಿ ತೆಗೆದು ಬಹಳ ಮರ್ಯಾದೆಯಿಂದ ಕೇಳಿದ.

“ವೆಲಿಕಾ ಅಕ್ಕಾ, ಅವ್ಳು ಏನೇನ್ ಪುಸ್ತಕ ಒಯ್ತಿದ್ಲು? ತೋರ್ಸು. ಯಾವೂರಿನ್ ವಿಷ್ಯ ಓದ್ತಿದ್ಲೋ ಅಲ್ಲಿಗೇ ಹೋಗಿರ್ತಾಳೆ.”

“ತೋರ್ಸಲ್ಲ.”

“ನಾನು ಅವಳ ಗಂಡ ಕಣಕ್ಕಾ.”

“ಗಂಡ ಆಗಿದ್ರೆ ಮನೇಲಿ. ಇಲ್ಲಿ ಅವ್ಳು ಓದೋಳು, ನೀನು ಓದ್ದೇ ಇರೋನು.”

ಓದುಗರ ಚೀಟಿಗಳ ಡ್ರಾಯರಿಗೆ ಕೈ ಹಾಕಿದ. ನಾನು ಅದರ ಮೇಲೆಯೇ ಕೂತುಬಿಟ್ಟೆ. ನಗಬೇಡ, ನನ್ನ ತೂಕ ಒಮ್ಮೆಯಾದರೂ ಸರ್ಕಾರದ ಕೆಲಸಕ್ಕೆ ಬಂತು. ಅವನು ನನ್ನ ಜುಟ್ಟು ಹಿಡಿದು ಮುಖವನ್ನು ಮೇಜಿಗೆ ಬಡಿದ, ಇನ್ನೊಮ್ಮೆ ಬಡಿದ. ಒಲೆಯ ಪಕ್ಕ ನಾನು ಅಂಟಿಸಿಟ್ಟಿದ್ದ, ನೀನು ಕಳಿಸಿದ ಚಿತ್ರದ ಕಾರ್ಡುಗಳು ಗೋಡೆ ನಡುಗಿ ಉದುರಿದವು. ನಮ್ಮ ವಾಚನಾಲಯದ ಕಾರ್ಯದರ್ಶಿ ತ್ಸಾಂಕೊ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಹೊಡೆದವನು ಹೋದ ಮೇಲೆ ತ್ಸಾಂಕೊ ನನಗೆ ಬುದ್ಧಿ ಹೇಳಿದ, “ಗಂಡಸಿನ್ ಹೊಟ್ಟೆ ಉರೀತಿದೆ, ಪಾಪ. ಎರಡ್ ಪುಸ್ತಕದ್ ಹೆಸ್ರು ಹೇಳಿದ್ರೆ ನಿನ್ ಗಂಟೇನ್ ಹೋಗ್ತಿತ್ತು?”

ನನಗೆ ಮೈಯೆಲ್ಲ ಉರಿಯುತ್ತಿದೆ ರಾಯ್ನಾ. ಕಣ್ಣಿನ ನೋವಿಗಲ್ಲ.

ವೆಲಿಕಾ


ಯೆಲೆನ್ ಡೊಲ್
೨೦ ಫೆಬ್ರವರಿ ೧೯೯೪

ನನ್ನ ವೆಲಿಚ್ಕಾ,

ಅವನ ಕೈಗೆ ಹುಳ ಬೀಳ! ನಿನ್ನ ಕಾಗದ ಓದಿ ಊಟ ಸೇರಲಿಲ್ಲ. ಪಕ್ಕದ ರೊಟ್ಟಿ ಅಂಗಡಿಯವಳಿಗೆ ಓದಿ ಹೇಳಿದೆ, ಅವಳೂ ಅತ್ತಳು. ಯಾರು ಆ ಹೆಂಗಸು? ನನಗಾದರೂ ಹೇಳಬಾರದೇ? ಸೋಫಿಯಾದ ಹಾಸ್ಟೆಲಿನಲ್ಲಿ ಒಂದೇ ಹೊದಿಕೆ ಹೊದ್ದು ಮಲಗಿದವರು ನಾವು. ಆಗಲೂ ನೀನು ಹಾಗೆಯೇ, ಪರೀಕ್ಷೆಯಲ್ಲಿ ಎಷ್ಟು ಬಂತು ಅಂದರೂ ಬಾಯಿ ಬಿಡುತ್ತಿರಲಿಲ್ಲ. ಕಲ್ಲು ನೀನು!

ನನ್ನ ಕಾರ್ಡುಗಳನ್ನು ಗೋಡೆಗೆ ಹಾಕಿದ್ದೀಯಾ? ಗೊತ್ತೇ ಇರಲಿಲ್ಲ ನನಗೆ. ಇನ್ನಷ್ಟು ಕಳಿಸುತ್ತೇನೆ.

ಇಲ್ಲಿ ಮಂಡಿಯುದ್ದ ಹಿಮ. ಲೈಬ್ರರಿಯ ಫೋನು ಸತ್ತು ಬಿದ್ದಿದೆ, ಯಾರೂ ರಿಪೇರಿಗೆ ಬರುತ್ತಿಲ್ಲ. ಆದರೂ ನನಗೆ ಈ ಚಳಿಗಾಲ ಒಂದು ಸಂತೋಷ ಸಿಕ್ಕಿದೆ. ಹೊಸಬಳೊಬ್ಬಳು ಬರುತ್ತಾಳೆ. ಜನವರಿಯಲ್ಲಿ ಬಸ್ಸಿಳಿದಳು, ಕೈಯಲ್ಲಿ ಒಂದು ಚೀಲ ಬಿಟ್ಟರೆ ಏನೂ ಇಲ್ಲ. ಗಿರಣಿಯ ಮೇಲ್ಗಡೆ ಸೆವ್ದಾ ಅಜ್ಜಿಯ ಮನೆಯಲ್ಲಿದ್ದಾಳೆ, ಉಣ್ಣೆ ತೊಳೆದು ನೂತು ಕೊಡುತ್ತಾಳೆ. ಹೆಸರು ಹೂವಿನದು, ಆಳೂ ಹಾಗೆಯೇ. ಓದುವುದೆಂದರೆ ಏನು ಓದು ಅಂತೀ! ಧ್ರುವದ ಕಡೆ ಹೋದವರ ಕಥೆಗಳೇ ಆಗಬೇಕು, ಹಿಮಗಡ್ಡೆಯಲ್ಲಿ ಹಡಗು ಸಿಕ್ಕಿಕೊಳ್ಳಬೇಕು, ಅವರು ಚರ್ಮದ ಬೂಟು ಬೇಯಿಸಿ ತಿನ್ನಬೇಕು. ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ ಕೂರುತ್ತಾಳೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ, ಹೆಬ್ಬೆರಳ ಗೆಣ್ಣಿನಿಂದ ಹಾಳೆ ತಿರುವುತ್ತಾಳೆ. ಏನಾಯಿತು ಅಂದೆ. “ಗಾಡಿ ಚಕ್ರ ಹತ್ತಿತ್ತು ಅಕ್ಕಾ” ಅಂದಳು. ಪಾಪ.

ಕಣ್ಣಿಗೆ ಕ್ಯಾಮೊಮೈಲ್ ಹೂವಿನ ಕಷಾಯದಲ್ಲಿ ಬಟ್ಟೆ ಅದ್ದಿ ಇಡು.

ನಿನ್ನ ರಾಯ್ನಾ


ಡೊಲ್ನಿ ಬ್ರ್ಯಾಗ್
೫ ಮಾರ್ಚ್ ೧೯೯೪

ರಾಯ್ನಾ,

ನಿನ್ನ ಆ ಹೊಸಬಳನ್ನು ಏನೂ ಕೇಳಬೇಡ. ಎಲ್ಲಿಂದ ಬಂದೆ, ಯಾಕೆ ಬಂದೆ, ಬೆರಳಿಗೆ ಏನಾಯಿತು, ಒಂದನ್ನೂ ಕೇಳಬೇಡ. ಅವಳು ಏನು ಓದುತ್ತಾಳೆ, ಎಲ್ಲಿ ಇದ್ದಾಳೆ ಅಂತ ರೊಟ್ಟಿ ಅಂಗಡಿಯವಳಿಗೂ ಹೇಳಬೇಡ, ನನಗೂ ಬರೆಯಬೇಡ. ನನ್ನ ಕಾಗದವನ್ನು ಇನ್ನು ಮುಂದೆ ಯಾರಿಗೂ ಓದಿ ಹೇಳಬೇಡ. ಓದುಗರು ನಮ್ಮ ಮನೆಯ ಬೆಕ್ಕಲ್ಲ, ಬಂದವರಿಗೆಲ್ಲ ಎತ್ತಿ ತೋರಿಸುವುದಕ್ಕೆ.

ಚಿತ್ರದ ಕಾರ್ಡುಗಳನ್ನು ಕಳಿಸಬೇಡ. ಇದ್ದವನ್ನು ಒಲೆಗೆ ಹಾಕಿದೆ.

ಕಣ್ಣು ವಾಸಿಯಾಗಿದೆ.

ವೆಲಿಕಾ


ಯೆಲೆನ್ ಡೊಲ್
೨೭ ಏಪ್ರಿಲ್ ೧೯೯೪

ವೆಲಿಕಾ,

ಬರೆಯಲೇಬಾರದು ಅಂದುಕೊಂಡಿದ್ದೆ. ಈಸ್ಟರ್ ಹತ್ತಿರ ಬಂತು, ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ.

ಒಲೆಗೆ ಹಾಕಿದೆಯಾ. ಒಂದೊಂದು ಕಾರ್ಡನ್ನೂ ನಾನು ನಿನಗೋಸ್ಕರ ಆರಿಸಿ ತಂದದ್ದು. ಗಿರಣಿಯದು, ಸೇತುವೆಯದು, ಮಂಜು ಬಿದ್ದ ದಿನ ಬೆಟ್ಟದ್ದು. ಏಟು ತಿಂದವಳು ಸಿಟ್ಟಿನಲ್ಲಿದ್ದಾಳೆ ಅಂತ ಮೊದಲು ಸುಮ್ಮನಾದೆ. ಆಮೇಲೆ ನನಗೆ ಅರ್ಥವಾಯಿತು. ನಿನ್ನಲ್ಲಿ ಓದುವವಳು ಓಡಿಹೋದಳು, ನನಗೊಬ್ಬಳು ಓದುವವಳು ಬಂದಳು, ಅದು ನಿನಗೆ ಸಹಿಸಲಾಗುತ್ತಿಲ್ಲ. ಹಾಸ್ಟೆಲಿನಲ್ಲೂ ನನಗೆ ಬಹುಮಾನ ಬಂದ ದಿನ ನೀನು ತಲೆನೋವು ಅಂತ ಮಲಗಿದ್ದೆ. ನನಗೆ ನೆನಪಿದೆ.

ಇರಲಿ. ಭಾನುವಾರ ಹೂವಿನ ಹೆಸರಿನವರ ಹಬ್ಬವಿತ್ತಲ್ಲ, ನಾನು ಚೀಸ್ ಹಾಕಿ ಬನಿತ್ಸಾ ಮಾಡಿಕೊಂಡು ಅವಳ ಮನೆಗೇ ಹೋದೆ. ನೆವೆನಾ ಅಂತ ಬೀದಿಯಿಂದಲೇ ಕೂಗಿದೆ. ಅವಳು ಹೊರಗೆ ಬಂದದ್ದು ಕೊಡಲಿ ಹಿಡಿದುಕೊಂಡು! ಇಬ್ಬರೂ ನಕ್ಕೆವು. ನಾನು ಜಾಸ್ತಿ ನಕ್ಕೆ.

ಈ ಸಲ ಮೇ ತಿಂಗಳ ಅಕ್ಷರ ಹಬ್ಬದ ದಿನ ‘ವರ್ಷದ ಓದುಗರು’ ಅಂತ ಅವಳನ್ನೇ ಆರಿಸುತ್ತಿದ್ದೇನೆ. ಫೋಟೋ ಬೇಡ ಅಂದಳು. ನಾಚಿಕೆ. ಶಾಲೆಯ ಡ್ರಾಯಿಂಗ್ ಮಾಸ್ತರರಿಗೆ ಹೇಳಿ, ಅವಳು ಓದುತ್ತಾ ಮೈಮರೆತಿದ್ದಾಗ ಕಿಟಕಿಯ ಹೊರಗಿನಿಂದ ಫೋಟೋ ತೆಗೆಸಿದ್ದೇನೆ. ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ! ಬಾಳಿನಲ್ಲಿ ಒಬ್ಬರೂ ಅವಳಿಗೆ ಚಪ್ಪಾಳೆ ತಟ್ಟಿಲ್ಲ ಅಂತ ನೋಡಿದರೇ ಗೊತ್ತಾಗುತ್ತದೆ. ನಾನು ತಟ್ಟಿಸುತ್ತೇನೆ. ದೊಡ್ಡದಾಗಿ ಅಚ್ಚು ಹಾಕಿಸಿ ಬೀದಿ ಕಡೆಯ ಕಿಟಕಿಯಲ್ಲಿ ಹಾಕುತ್ತೇನೆ, ಹೆಸರು ಸಮೇತ.

ನೀನು ಏನಾದರೂ ಅಂದುಕೋ.

ರಾಯ್ನಾ


ತಂತಿ
ಡೊಲ್ನಿ ಬ್ರ್ಯಾಗ್, ೫ ಮೇ ೧೯೯೪

ಚಿತ್ರ ಹಾಕಬೇಡ. ಹೆಸರು ಹಾಕಬೇಡ. ಕಾರಣ ಕಾಗದದಲ್ಲಿ. ವೆಲಿಕಾ.


ಯೆಲೆನ್ ಡೊಲ್
೨೮ ಮೇ ೧೯೯೪

ವೆಲಿಕಾ,

ನಿನ್ನ ತಂತಿ ಬಂತು. ಕಾಗದ ಬರಲಿಲ್ಲ. ದಿನಾ ಅಂಚೆಯವನಿಗೆ ಕಾದೆ, ಹಬ್ಬದ ಬೆಳಿಗ್ಗೆಯವರೆಗೂ ಕಾದೆ. ಕಾರಣ ಇದ್ದಿದ್ದರೆ ಬರೆಯುತ್ತಿದ್ದೆ. ಇಲ್ಲದ ಕಾರಣವನ್ನು ಯಾರು ತಾನೇ ಬರೆಯಲು ಸಾಧ್ಯ?

ಹಾಕಿದೆ. ಕಿಟಕಿಗೆ ಐವಿ ಬಳ್ಳಿಯ ಹಾರ ಕಟ್ಟಿ, ನಡುವೆ ಅವಳ ಮುಖ. ಮಕ್ಕಳು ಹಾಡಿದರು, ಮೇಯರ್ ಭಾಷಣ ಮಾಡಿದರು. ಅವಳು ಬಂದು ಕಿಟಕಿಯ ಮುಂದೆ ನಿಂತಳು. ಮುಖ ಬಿಳಿಚಿಕೊಂಡಿತು. “ತೆಗೀರಿ ಅಕ್ಕಾ, ದಯವಿಟ್ಟು ತೆಗೀರಿ” ಅಂದಳು. ನಾನು ಅವಳ ಎರಡೂ ಕೆನ್ನೆಗೆ ಮುತ್ತು ಕೊಟ್ಟು, “ಅಯ್ಯೋ ಹುಚ್ಚಿ, ನಾಚ್ಕೋಬೇಡ್ವೇ” ಅಂದೆ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅವಳು ಇತ್ತ ಬಂದಿಲ್ಲ, ನೆಗಡಿ ಇರಬೇಕು.

ನಿನ್ನ ಲೈಬ್ರರಿಗೂ ಒಂದು ಪ್ರತಿ ಸುರುಳಿ ಮಾಡಿ ಈ ಕಾಗದದ ಜೊತೆಯೇ ಕಳಿಸುತ್ತಿದ್ದೇನೆ. ಹೊಟ್ಟೆಕಿಚ್ಚಿಲ್ಲದಿದ್ದರೆ ಹಾಕು. ಇದ್ದರೆ, ನಿನ್ನ ಒಲೆ ಇದ್ದೇ ಇದೆ.

ರಾಯ್ನಾ


ತಂತಿ
ಜಿಲ್ಲಾ ಆಸ್ಪತ್ರೆ, ೧೧ ಜೂನ್ ೧೯೯೪, ಶನಿವಾರ

ನೆವೆನಾಳ ಗಂಡ ಗೊರಾನ್ ಚಾಕು ಹಿಡಿದು ನಿನ್ನೂರಿಗೆ ಹೊರಟಿದ್ದಾನೆ. ನನ್ನನ್ನು ಹೊಡೆದವನು ಅವನೇ. ಅವಳನ್ನು ಬಚ್ಚಿಡು. ಪೊಲೀಸರಿಗೆ ಹೇಳು. ನಂಬು. ವೆಲಿಕಾ.


ಯೆಲೆನ್ ಡೊಲ್
೨೧ ಜೂನ್ ೧೯೯೪

ವೆಲಿಕಾ,

ಎರಡೂ ಕೈಗೆ ಪಟ್ಟಿ ಕಟ್ಟಿದ್ದಾರೆ. ಪೆನ್ಸಿಲನ್ನು ಪಟ್ಟಿಯೊಳಗೆ ಸಿಕ್ಕಿಸಿಕೊಂಡು ಬರೆಯುತ್ತಿದ್ದೇನೆ. ಎಷ್ಟು ಹೊತ್ತಾದರೂ ಸರಿ, ನಾನೇ ಬರೆಯಬೇಕು.

ನಿನ್ನ ತಂತಿಯನ್ನು ಲೈಬ್ರರಿಯ ಬಾಗಿಲ ಕೆಳಗೆ ತೂರಿಸಿ ಹೋಗಿದ್ದರು. ಶನಿವಾರ, ಭಾನುವಾರ ನಮಗೆ ರಜ. ಸೋಮವಾರ ನಾನು ಬಾಗಿಲು ತೆಗೆಯುವಾಗ ಒಬ್ಬ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಲೋಕುಮ್ ಮಿಠಾಯಿಯ ಡಬ್ಬಿ. ನಾನು ಒಳಗೆ ಕಾಲಿಟ್ಟು ಆ ಲಕೋಟೆಯನ್ನು ತುಳಿದೆ. ಅವನೇ ಬಗ್ಗಿ ಎತ್ತಿಕೊಟ್ಟ.

“ಮೇಡಂ, ತಂತಿ ಬಂದಿದೆ ನೋಡಿ ನಿಮ್ಗೆ.”

ನಿನ್ನದೇ ಅಂತ ಅನ್ನಿಸಿತು. ಇನ್ನೊಂದು ಬುದ್ಧಿವಾದ ಇರಬೇಕು, ಆಮೇಲೆ ನೋಡಿದರಾಯಿತು ಅಂತ ಏಪ್ರನ್ ಜೇಬಿಗೆ ಹಾಕಿಕೊಂಡೆ. ಅವನಿಗೆ ಕಾಫಿ ಮಾಡಿಕೊಟ್ಟೆ ವೆಲಿಚ್ಕಾ. ಸಕ್ಕರೆ ಎಷ್ಟು ಹಾಕಲಿ ಅಂತ ಕೇಳಿದೆ.

“ನಾನು ನೆವೆನಾ ಅಣ್ಣ. ಅವ್ಳ್ ಫೋಟೋ ನೋಡ್ದೆ. ಹೆಮ್ಮೆ ಆಯ್ತು. ಹೇಳ್ದೇ ಹೋಗಿ ಖುಷಿಪಡ್ಸಣಾ ಅಂತ ಬಂದೆ.”

“ಅಯ್ಯೋ, ಅವಳಿಗೊಬ್ಬ ಅಣ್ಣ ಇದ್ದಾನೆ ಅಂತ ಹೇಳೇ ಇಲ್ಲ ನೋಡಿ!”

“ಅವ್ಳು ಏನೂ ಹೇಳಲ್ಲ ಬಿಡಿ. ಚಿಕ್ಕಂದಿನಿಂದ್ಲೂ ಹಂಗೇ.”

ಗಿರಣಿ ದಾಟಿ, ಬಲಕ್ಕೆ ತಿರುಗಿ, ನೀಲಿ ಗೇಟು, ಸೆವ್ದಾ ಅಜ್ಜಿಯ ಮನೆ, ಸೋಮವಾರ ಅವಳು ಅಂಗಳದಲ್ಲೇ ಉಣ್ಣೆ ಕುದಿಸುತ್ತಾಳೆ ಅಂತ ನಾನು ಹೇಳಿದೆ. ನಾನೇ ಬೀದಿಗೆ ಬಂದು ಬೆರಳು ತೋರಿಸಿದೆ. ಅವನು ನನ್ನ ಕೈಗೆ ಮುತ್ತು ಕೊಟ್ಟ. ಹೋಗುವಾಗ ಕಿಟಕಿಯಲ್ಲಿದ್ದ ಅವಳ ಚಿತ್ರದ ಮುಂದೆ ನಿಂತು ತಲೆ ಆಡಿಸಿದ.

ಕಾಫಿ ಬಟ್ಟಲು ತೊಳೆಯುವಾಗ ಜೇಬು ಒದ್ದೆಯಾಯಿತು, ಆಗ ತಂತಿ ತೆಗೆದು ಓದಿದೆ.

ನಾನು ಓಡಿದೆ. ಈ ಮೈ ಹೊತ್ತುಕೊಂಡು ಯಾವತ್ತೂ ಓಡಿದವಳಲ್ಲ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ದಾರಿಯುದ್ದಕ್ಕೂ ಕೂಗಿದೆ, ಜನ ಬಾಗಿಲಿಗೆ ಬಂದು ನೋಡಿದರು, ರಾಯ್ನಾ ಏನೋ ಸುದ್ದಿ ಹೇಳಲು ಓಡುತ್ತಿದ್ದಾಳೆ ಅಂದುಕೊಂಡರು. ಎಲ್ಲರಿಗೂ ನಾನು ಅದೇ ತಾನೆ.

ಅವನು ಅವಳನ್ನು ತಲೆವಸ್ತ್ರದಿಂದ ಕತ್ತು ಬಿಗಿದು ಹಿಡಿದಿದ್ದ. ಸೌದೆ ಒಡೆಯುವ ದಿಮ್ಮಿಯ ಕಡೆಗೆ ಎಳೆಯುತ್ತಿದ್ದ. ಅವಳ ಕೊಡಲಿ ಅಂಗಳದ ಆಚೆ ಬಿದ್ದಿತ್ತು. ಅವನ ತೋಳಿನಿಂದಲೂ ರಕ್ತ ಸುರಿಯುತ್ತಿತ್ತು, ಅವಳು ಒಂದು ಏಟು ಹಾಕಿದ್ದಳು. ಅವನು ಬೈಯುತ್ತಿರಲಿಲ್ಲ. ಮೆತ್ತಗೆ, ಹಂದಿಯನ್ನು ಸಮಾಧಾನ ಮಾಡುವ ಹಾಗೆ, “ಸುಮ್ಕಿರು, ಸುಮ್ಕಿರು ಚಿನ್ನಾ” ಅನ್ನುತ್ತಿದ್ದ. ಚಾಕು ಪಕ್ಕೆಗೆ ಇಳಿಯಿತು. ಇನ್ನೊಮ್ಮೆ ಕತ್ತಿನ ಬುಡಕ್ಕೆ. ಅವಳು ಕಿರುಚಲಿಲ್ಲ ವೆಲಿಚ್ಕಾ. ನೀನು ಬರೆದಿದ್ದೆಯಲ್ಲ, ಪ್ರಾಣಿ ಕಿರುಚುವುದಿಲ್ಲ ಅಂತ. ಕಿರುಚಿದವಳು ನಾನು.

ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ನಾನು ಅದರ ಕಿವಿಗಳನ್ನು ಬರಿಗೈಯಲ್ಲಿ ಹಿಡಿದೆ. ಚರ್ಮ ಅಂಟಿಕೊಂಡದ್ದು ಗೊತ್ತಾಯಿತು, ನೋವು ಗೊತ್ತಾಗಲಿಲ್ಲ. ಬೂದಿನೀರು, ಉಣ್ಣೆ, ಎಲ್ಲವನ್ನೂ ಅವನ ಮುಖಕ್ಕೆ ಸುರಿದೆ. ಅವನು ಅವಳನ್ನು ಬಿಟ್ಟು ಮುಖ ಹಿಡಿದುಕೊಂಡು ಕುಣಿದ. ಬಿಸಿ ಉಣ್ಣೆ ಅವನ ಕಣ್ಣಿಗೆ ಮೆತ್ತಿಕೊಂಡಿತ್ತು. ಆಗ ಸೆವ್ದಾ ಅಜ್ಜಿ ಒಳಗಿನಿಂದ ಬಂದಳು. ಉಣ್ಣೆ ತಿರುವುವ ದೊಣ್ಣೆ ಎತ್ತಿ ಅವನ ಮಂಡಿಗೆ ಬಾರಿಸಿದಳು, ಬಿದ್ದ ಮೇಲೆ ತಲೆಗೆ ಬಾರಿಸಿದಳು. ಸಾಕು ಅಜ್ಜಿ ಅಂತ ನಾನು ಅನ್ನಲಿಲ್ಲ. ಪೊಲೀಸರು ಬಂದು ಅವಳ ಕೈಯಿಂದ ದೊಣ್ಣೆ ಕಿತ್ತುಕೊಂಡರು.

ಅವನು ಬದುಕಿದ್ದಾನೆ. ಒಂದು ಕಣ್ಣು ಹೋಗಿದೆ, ಕಾವಲಿನಲ್ಲಿ ಇಟ್ಟಿದ್ದಾರೆ. ಅವಳೂ ಬದುಕಿದ್ದಾಳೆ. ಕೊಳವೆ ಹಾಕಿದ್ದಾರೆ, ಮಾತಾಡಬಾರದಂತೆ. ಕಿಟಕಿಯ ಚಿತ್ರವನ್ನು ಹರಿದು ಹಾಕಿದೆ, ಪಟ್ಟಿ ಕಟ್ಟಿದ ಕೈಯಲ್ಲಿ ಆಗಲಿಲ್ಲ, ಹಲ್ಲಿನಲ್ಲಿ ಹರಿದೆ.

ಒಂದು ಮಾತು ಕೇಳುತ್ತೇನೆ. ನಿನಗೆ ಫೆಬ್ರವರಿಯಿಂದಲೇ ಗೊತ್ತಿತ್ತು. ನನಗೆ ಯಾಕೆ ಹೇಳಲಿಲ್ಲ?

ರಾಯ್ನಾ


ಡೊಲ್ನಿ ಬ್ರ್ಯಾಗ್
೪ ಜುಲೈ ೧೯೯೪

ರಾಯ್ನಾ,

ಕೇಳಿದ್ದೀಯಾ, ಹೇಳುತ್ತೇನೆ. ಇವತ್ತು ಏನನ್ನೂ ಮುಚ್ಚಿಡುವುದಿಲ್ಲ.

ನೀನು ಆ ಬೆರಳುಗಳ ಬಗ್ಗೆ ಬರೆದ ದಿನವೇ ನನಗೆ ಗೊತ್ತಾಯಿತು. ಗಾಡಿ ಚಕ್ರವಲ್ಲ. ರೊಟ್ಟಿ ಒಲೆಯ ಕಬ್ಬಿಣದ ಬಾಗಿಲಲ್ಲಿ ಅವಳ ಕೈ ಇಟ್ಟು ಗೊರಾನ್ ಬಾಗಿಲು ಒದ್ದಿದ್ದ. ಅವಳು ನಿನ್ನೂರಿಗೆ ಯಾಕೆ ಬಂದಳು ಅನ್ನುವುದೂ ಗೊತ್ತಾಯಿತು. ಚಳಿ ಶುರುವಾದಾಗಿನಿಂದ ಅವಳು ನನ್ನ ಒಲೆಯ ಪಕ್ಕ ನಿಂತು ನಿನ್ನ ಕಾರ್ಡು ನೋಡುತ್ತಿದ್ದಳು, ಬೆಟ್ಟ, ಹಿಮ, ಗಿರಣಿ. “ಇಲ್ಲಿಗೆ ದಾರಿ ಕಷ್ಟ ಇರ್ಬೇಕಲ್ವಾ ಅಕ್ಕಾ?” ಅಂತ ಒಮ್ಮೆ ಕೇಳಿದ್ದಳು. ಅದಕ್ಕೇ ಸುಟ್ಟೆ. ಅವನ ಕಣ್ಣಿಗೂ ಅದೇ ಗೋಡೆ ಬೀಳಬಾರದು ಅಂತ. ನೀನು ಆರಿಸಿ ತಂದವು ಅಂತ ನನಗೆ ಗೊತ್ತು. ಒಂದೊಂದನ್ನೂ ಓದಿಯೇ ಹಾಕಿದೆ.

ಐದನೆಯ ತಾರೀಖು ನಿನಗೆ ತಂತಿ ಕೊಟ್ಟು ಬಂದು, ಎಲ್ಲವನ್ನೂ ಬರೆಯಲು ಕೂತೆ. ಅರ್ಧ ಬರೆದಿದ್ದೆ. ಅವನು ಬಂದ. ಗೋಡೆಯ ಮೇಲೆ ಬೆಟ್ಟದ ಕಾರ್ಡುಗಳಿದ್ದವು, ಈಗ ಇಲ್ಲ ಅಂತ ತ್ಸಾಂಕೊ ರಾಕಿಯಾ ಕುಡಿಯುತ್ತಾ ಅವನ ಮುಂದೆ ಹೇಳಿದ್ದನಂತೆ, ಸುಮ್ಮನೆ, ಮಾತಿಗೆ ಮಾತು. “ಯಾವ್ ಬೆಟ್ಟ ಅಕ್ಕಾ? ಯಾರ್ ಕಳ್ಸಿದ್ದು?” ಅಂದ. ಮೇಜಿನ ಮೇಲೆ ನಿನ್ನ ಹೆಸರು, ನಿನ್ನ ಊರು ಬರೆದ ಕಾಗದ ಬಿದ್ದಿತ್ತು. ಒಲೆ ದೂರ ಇತ್ತು. ಬಾಯಿಗೆ ತುರುಕಿಕೊಂಡು ಅಗಿದೆ. ಅವನು ಬಾಯಿ ಬಿಡಿಸಲು ನೋಡಿದ, ಬೆರಳು ಹಾಕಿದ, ಆ ಬೆರಳನ್ನು ಕಚ್ಚಿದೆ. ಒಲೆ ಕೆದಕುವ ಕಬ್ಬಿಣದ ಸಲಾಕೆಯಿಂದ ದವಡೆಗೆ ಹೊಡೆದ. ದವಡೆ ಮುರಿಯುವ ಸದ್ದು ಕಿವಿಯ ಒಳಗಿನಿಂದ ಕೇಳಿಸುತ್ತದೆ ರಾಯ್ನಾ, ಹೊರಗಿನಿಂದಲ್ಲ. ಆಮೇಲೆ ನನ್ನ ಬಲಗೈ ಮೇಲೆ ನಿಂತು ತುಳಿದ. ಕಾಗದವನ್ನು ಹಲ್ಲು, ರಕ್ತದ ಸಮೇತ ನುಂಗಿದೆ.

ನಮ್ಮ ಪೊಲೀಸ್ ದಫೇದಾರನ ಹಂದಿಯನ್ನೂ ಅವನೇ ಕೊಯ್ಯುವುದು. ನಾನು ಏಣಿಯಿಂದ ಬಿದ್ದೆ ಅಂತ ಬರೆದುಕೊಂಡರು. ದವಡೆಗೆ ತಂತಿ ಬಿಗಿದು, ಕೈಗೆ ಪ್ಲಾಸ್ಟರ್ ಹಾಕಿ ಮಲಗಿಸಿದರು. ಮಾತಾಡಲೂ ಆಗದು, ಬರೆಯಲೂ ಆಗದು. ನಾನು ಕೊಟ್ಟ ತಂತಿ ಸಂದೇಶ ನಿನಗೆ ಸಿಕ್ಕಿದೆ, ನೀನು ಚಿತ್ರ ಹಾಕುವುದಿಲ್ಲ ಅಂತ ನಂಬಿ ಮಲಗಿದ್ದೆ.

ಜೂನ್ ಹತ್ತರ ಸಂಜೆ ತ್ಸಾಂಕೊ ಸ್ಟ್ರಾಬೆರಿ ಹಿಡಿದುಕೊಂಡು ನೋಡಲು ಬಂದ. ದವಡೆಗೆ ತಂತಿ ಕಟ್ಟಿದವಳಿಗೆ ಹಣ್ಣು. “ನಿನ್ ಗೆಳತಿ ಒಂದ್ ಚೆಂದದ್ ಪಟ ಕಳ್ಸಿದ್ಲು, ನಮ್ ಗೊರಾನ್ ಹೆಂಡ್ತಿದೇ, ಬಾಗ್ಲಿಗೆ ಅಂಟ್ಸಿದೀನಿ” ಅಂದ. ನಮ್ಮ ಊರಿನಲ್ಲಿ ಬಾಗಿಲಿಗೆ ಮುಖದ ಚಿತ್ರ ಅಂಟಿಸುವುದು ಯಾರಾದರೂ ಸತ್ತಾಗ, ನಿನ್ನ ಊರಿನಲ್ಲೂ ಅಷ್ಟೇ. ಯಾರ ಸಾವಿನ ಚೀಟಿ ಅಂತ ನೋಡದೆ ನಮ್ಮವರು ಮುಂದೆ ಹೋಗುವುದಿಲ್ಲ. ಗೊರಾನ್ ಕೂಡ ನಿಂತನಂತೆ. “ಗೊರಾನ್ ಟೋಪಿ ತೆಗ್ದ ನೋಡು, ಯಾರೋ ಹೋಗ್ಬಿಟ್ರು ಅಂದ್ಕೊಂಡು. ಆಮೇಲ್ ಹತ್ರ ಹೋಗಿ ಓದ್ದ. ಓದಿ ನಗ್ತಾ ಮನೇಗ್ ಹೋದ, ಚಾಕು ಮಸೆಯೋಕ್ ಕೂತ. ಊರಿಗೆ ಹೋಗ್ಬೇಕಂತೆ” ಅಂತ ತ್ಸಾಂಕೊ ನಗುತ್ತಾ ಹೇಳಿದ. ಆ ಪಟದ ಕೆಳಗೆ ನಿನ್ನ ಲೈಬ್ರರಿಯ ಹೆಸರು ದಪ್ಪಕ್ಷರದಲ್ಲಿ ಇತ್ತಲ್ಲ. ನಾನು ಮೈಮೇಲಿನ ತಂತಿ, ಕೊಳವೆ ಎಲ್ಲ ಕಿತ್ತೆ. ಬೆಳಗಾದ ಮೇಲೆ ನರ್ಸು ನನ್ನ ಎಡಗೈ ಗೀಚಿದ್ದನ್ನು ಬಿಡಿಸಿ ಓದಿ ಅಂಚೆಗೆ ಹೋದಳು.

ಯಾಕೆ ಮೊದಲೇ ಹೇಳಲಿಲ್ಲ? ಓದುಗರ ಗುಟ್ಟು ಯಾರಿಗೂ ಹೇಳಬಾರದು ಅನ್ನುವ ನಿಯಮ ಪಾಲಿಸುತ್ತಿದ್ದೇನೆ ಅಂದುಕೊಂಡಿದ್ದೆ. ಸುಳ್ಳು. ನಿನಗೆ ಹೇಳಿದರೆ ಸಂಜೆಯೊಳಗೆ ರೊಟ್ಟಿ ಅಂಗಡಿಯವಳು ಅಳುತ್ತಾಳೆ ಅಂತ ಹೆದರಿದೆ. ನಿನ್ನನ್ನು ನಂಬಲಿಲ್ಲ ಅಷ್ಟೇ. ಅವಳನ್ನು ಕಾಯಬೇಕಾದವಳು ನೀನು, ಕಾಯಬೇಕು ಅಂತಲೇ ನಿನಗೆ ತಿಳಿಸದೆ ಇಟ್ಟೆ. ನೀನು ಬೀದಿಗೆ ಬಂದು ಬೆರಳು ತೋರಿಸಿದೆ ಅಂತ ಓದಿದಾಗ ನಿನ್ನ ಕತ್ತು ಹಿಸುಕಬೇಕು ಅನ್ನಿಸಿತು, ನಿಜ ಹೇಳುತ್ತೇನೆ. ಆಮೇಲೆ ಅದೇ ಕೈ ಹಂಡೆ ಎತ್ತಿದ್ದನ್ನು ಓದಿದೆ. ಕೂತು ಅತ್ತೆ. ದವಡೆ ಇನ್ನೂ ಸರಿಯಾಗಿಲ್ಲ, ಅತ್ತರೆ ನೋಯುತ್ತದೆ.

ಊರಿನವರು ನನ್ನ ಮುಂದೆ ಉಗಿದು ಹೋಗುತ್ತಾರೆ. ಈ ಚಳಿಗಾಲ ಹಂದಿ ಕೊಯ್ಯಲು ಯಾರನ್ನು ಕರೆಯೋಣ ಅಂತ ಕೇಳುತ್ತಾರೆ.

ವೆಲಿಕಾ


ಯೆಲೆನ್ ಡೊಲ್
೧೮ ಆಗಸ್ಟ್ ೧೯೯೪

ವೆಲಿಚ್ಕಾ,

ಅವಳಿಗೆ ಮಾತು ಬಂತು. ನಾನು ದಿನಾ ಆಸ್ಪತ್ರೆಗೆ ಹೋಗಿ ಬಾಗಿಲಾಚೆ ಕೂರುತ್ತಿದ್ದೆ. ಒಳಗೆ ಕರೆದದ್ದು ಒಂದೇ ಸಲ. ಸಾರು ತಂದಿದ್ದೆ, ಪೀಚ್ ಹಣ್ಣು ತಂದಿದ್ದೆ, ಕ್ಷಮೆ ಕೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಅವಳು ಯಾವುದನ್ನೂ ತೆಗೆದುಕೊಳ್ಳಲಿಲ್ಲ. ಕತ್ತಿನ ಹೊಲಿಗೆ ಮುಟ್ಟಿಕೊಂಡು ನನ್ನನ್ನೇ ನೋಡಿ ಕೇಳಿದಳು, “ನನ್ನನ್ನ ಒಂದ್ ಮಾತ್ ಕೇಳಿದ್ರಾ ಅಕ್ಕಾ?”

ಸಾರಿನ ಪಾತ್ರೆ, ಹಣ್ಣು ಎತ್ತಿಕೊಂಡು ಹೊರಗೆ ಬಂದೆ.

ಕಳೆದ ವಾರ ಅವಳನ್ನು ಮನೆಗೆ ಕಳಿಸಿದರು. ಬಂದ ದಿನವೇ ಚೀಲ ಕಟ್ಟಿಕೊಂಡು ಹೋದಳು. ಯಾವ ಬಸ್ಸು ಅಂತ ಸೆವ್ದಾ ಅಜ್ಜಿ ನೋಡಲಿಲ್ಲ, ಬೇಕೆಂದೇ ಗೋಡೆ ಕಡೆ ತಿರುಗಿ ಮಲಗಿದ್ದಳಂತೆ. ನಮ್ಮ ಲೈಬ್ರರಿಯ ಪುಸ್ತಕವೊಂದು ಅವಳ ಜೊತೆ ಹೋಗಿದೆ. ಹೋಗಲಿ.

ರಾಯ್ನಾ


ಡೊಲ್ನಿ ಬ್ರ್ಯಾಗ್
೯ ಅಕ್ಟೋಬರ್ ೧೯೯೪

ರಾಯ್ನಾ,

ಗೊರಾನ್‌ಗೆ ಶಿಕ್ಷೆ ಆಯಿತು. ಇಲ್ಲಿ ಅದು ಜಾಸ್ತಿಯಾಯಿತು ಅಂತ ಮಾತು. ಅವನ ತಮ್ಮ ಮೇಲಿನ ಕೋರ್ಟಿಗೆ ಹೋಗಿದ್ದಾನೆ, ಅವಳು ಹೇಳಿಕೆ ಬದಲಿಸಿದರೆ ಅಣ್ಣ ಬೇಗ ಹೊರಗೆ ಬರುತ್ತಾನಂತೆ. ಅವಳನ್ನು ಹುಡುಕುತ್ತಿದ್ದಾನೆ. ನಿನ್ನ ಕಡೆಗೂ ಬಂದಾನು. ಈ ಸಲ ಮೊದಲೇ ಹೇಳುತ್ತಿದ್ದೇನೆ ನೋಡು.

ಇನ್ನೊಂದು ವಿಷಯ. ನೆವೆನಾಳಿಗೆ ನಾನು ಒಂದು ಕಾಗದ ಬರೆದಿದ್ದೇನೆ. ಎಡಗೈಯಲ್ಲಿ ಬರೆದು, ಹರಿದು, ಮತ್ತೆ ಬರೆದದ್ದು. ಅವಳಿಗೆ ಕೊಡದೆ ನನಗೆ ನಿದ್ದೆ ಬರುವುದಿಲ್ಲ. ಅವಳು ಎಲ್ಲಿದ್ದಾಳೆ ಅಂತ ನಿನಗೆ ತಿಳಿದರೆ ಬರೆ. ನಾನು ಯಾರಿಗೂ ಹೇಳುವವಳಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ವೆಲಿಕಾ


ಯೆಲೆನ್ ಡೊಲ್
೨೦ ನವೆಂಬರ್ ೧೯೯೪

ವೆಲಿಚ್ಕಾ,

ಗೊರಾನ್ ತಮ್ಮ ಬಂದಿದ್ದ. ಮಿಠಾಯಿ ತಂದಿರಲಿಲ್ಲ. ಲೈಬ್ರರಿಯ ಬಾಗಿಲು ಹಾಕಿ ಚಿಲಕ ಜಡಿದ.

“ಅವ್ಳು ಎಲ್ಲಿದಾಳೆ?”

“ಯಾರು?”

“ನೆವೆನಾ.”

“ಅಂಥೋರು ಯಾರೂ ನಮ್ಮಲ್ಲಿ ಓದಲ್ಲ.”

“ಊರಿಗೆಲ್ಲ ಅವಳ ಪಟ ತೋರ್ಸಿದೋಳು ನೀನೇ ಅಲ್ವೇನೇ? ನಿನ್ ಬಾಯ್ ನಿಲ್ಲಲ್ಲ ಅಂತಾರಲ್ಲೇ ಎಲ್ರೂ!”

“ಅಂತಾರೆ.”

ಮುಷ್ಟಿಯಿಂದ ಬಾಯಿಗೇ ಹೊಡೆದ. ಮುಂದಿನ ಹಲ್ಲುಗಳು ನಾಲಗೆಯ ಮೇಲೆ ಬಂದವು, ಮೇಜಿನ ಮೇಲೆ ಉಗಿದೆ. ಮತ್ತೆ ಕೇಳಿದ. ಮತ್ತೆ ಅದನ್ನೇ ಹೇಳಿದೆ, ಹಲ್ಲಿಲ್ಲದೆ ಮಾತು ಪಿಸುಗುಟ್ಟಿದ ಹಾಗಾಯಿತು. ಕೂದಲು ಹಿಡಿದು ಶೆಲ್ಫಿಗೆ ಬಡಿದ, ಪುಸ್ತಕಗಳು ನನ್ನ ಮೇಲೆ ಸುರಿದವು. ಆಮೇಲೆ ಸುಸ್ತಾಗಿ, “ಈ ಮುದುಕಿಗೆ ನಿಜ್ವಾಗ್ಲೂ ಗೊತ್ತಿಲ್ಲ” ಅಂದುಕೊಂಡು ಹೋದ.

ಗೊತ್ತಿತ್ತು ವೆಲಿಚ್ಕಾ. ಅವನು ಬರುವ ಎರಡು ದಿನ ಮುಂಚೆ ಅಂಚೆಯಲ್ಲಿ ಪುಸ್ತಕ ಬಂದಿತ್ತು, ಹಡಗು ಹಿಮಗಡ್ಡೆಯಲ್ಲಿ ಸಿಕ್ಕಿಕೊಳ್ಳುವ ಆ ಪುಸ್ತಕ. ಒಳಗೆ ಒಂದು ಚೀಟಿಯೂ ಇರಲಿಲ್ಲ. ಸುತ್ತಿದ್ದ ಕಾಗದದ ಮೇಲೆ ಅಂಚೆ ಮುದ್ರೆ ಇತ್ತು, ಊರಿನ ಹೆಸರು ಚೆನ್ನಾಗಿ ಮೂಡಿತ್ತು. ಓದಿದೆ. ಒಲೆಗೆ ಹಾಕಿದೆ. ಪೂರ್ತಿ ಬೂದಿಯಾಗುವವರೆಗೂ ಮುಂದೆಯೇ ಕೂತಿದ್ದೆ. ನೀನು ನನ್ನ ಕಾರ್ಡುಗಳನ್ನು ಹೇಗೆ ಸುಟ್ಟಿರಬೇಕು ಅನ್ನುವುದು ಆಗ ತಿಳಿಯಿತು.

ನೀನು ಯಾರಿಗೂ ಹೇಳುವವಳಲ್ಲ ಅಂತ ನನಗೆ ಗೊತ್ತು. ನಿನ್ನ ದವಡೆಯೇ ಸಾಕ್ಷಿ. ಆದರೂ ನಿನಗೆ ಹೇಳುವುದಿಲ್ಲ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ನಿನಗೆ ಸೇಡು ಅಂತಲೂ ಅಲ್ಲ. ಅವಳನ್ನು ಕೇಳಿಲ್ಲ, ಅದಕ್ಕೆ. ನಿನ್ನ ಕಾಗದ ನಿನ್ನ ಹತ್ತಿರವೇ ಇರಲಿ. ನಿದ್ದೆ ನನಗೂ ಬರುವುದಿಲ್ಲ.

ಪುಸ್ತಕವನ್ನು ಅದರ ಜಾಗದಲ್ಲಿ ಇಟ್ಟಿದ್ದೇನೆ. ನಿನ್ನೆ ರೊಟ್ಟಿ ಅಂಗಡಿಯವಳು ಬಂದು, “ಇದು ಕಳ್ದೋಗಿತ್ತಲ್ವಾ, ಯಾರ್ ತಂದ್ಕೊಟ್ರು?” ಅಂತ ಕೇಳಿದಳು. ನೋಡಲಿಲ್ಲ ಅಂದೆ.

ರಾಯ್ನಾ